ಮೊದಲು ಸಣ್ಣದು

"ಇದೇ ಇರ್ಲಿ. ಇದನ್ನ ಬಿಟ್ಟು ಇನ್ನೊಂದು ನೋಡೋದೇ ಬೇಡ," ಎಂದು ಚಂದ್ರಸರಿ ಮುದುಕಿ ಕುಲುಮೆಯ ಗೋಡೆಗೆ ತೂಗುಹಾಕಿದ್ದ, ಬಾಗಿದ ಅಲಗಿನ ಖುಕುರಿ ಕತ್ತಿಯೊಂದನ್ನು ತಾನೇ ಇಳಿಸಿ ಸೊಸೆಯ ಮುಖದ ಮುಂದೆ ಹಿಡಿದಳು. ಹಿಡಿಯ ತುದಿಯಲ್ಲಿ ಹಿತ್ತಾಳೆಯ ಸಿಂಹವೊಂದು ಬಾಯಿ ತೆರೆದುಕೊಂಡು ಕೂತಿತ್ತು. ಒರೆಗೆ ಕೆಂಪು ಮಖಮಲ್ಲು ಹೊದಿಸಿತ್ತು.

ಅಡಿಗಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ಕಮ್ಮಾರ ಹರ್ಕಲಾಲ್ ತಲೆ ಎತ್ತಲಿಲ್ಲ. "ಅದು ಗೋಡೆಗೆ ಮಾಡಿದ್ದು ಕಣಮ್ಮ. ಪಟ್ಟಣದೋರು ಬಂದು ನನ್ನ ಗೋಡೆಯಿಂದ ಇಳಿಸ್ಕೊಂಡು ಹೋಗಿ ಅವರ ಗೋಡೆಗೆ ಏರಿಸ್ತಾರೆ. ಅದು ಸೌತೇಕಾಯಿ ಕೂಡ ಕಂಡಿಲ್ಲ."

"ಮತ್ತೆ ಸಿಂಹ ಯಾತಕ್ಕಿಟ್ಟೆ?"

"ಬೆಲೆ ಕೇಳಿದೋರು ಹೆದರ್ಲಿ ಅಂತ."

ತಿದಿ ಒತ್ತುತ್ತಿದ್ದ ಅವನ ಹೆಂಡತಿ ಪೂತಲಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಚಂದ್ರಸರಿ ನಗಲಿಲ್ಲ. ಸಿಂಹವನ್ನು ಇನ್ನೊಮ್ಮೆ ಬೆರಳಿನಿಂದ ಸವರಿ, ಮನಸ್ಸಿಲ್ಲದ ಮನಸ್ಸಿನಿಂದ ಮೊಳೆಗೆ ಹಾಕಿದಳು. ಸೊಸೆ ಜಸಮಾಯಾ ಮಾತ್ರ ಇದ್ಯಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳ ಕಣ್ಣು ಗೋಡೆಯ ಉದ್ದಕ್ಕೂ ಓಡಿ, ಮತ್ತೆ ಮೊದಲಿಗೆ ಬಂದು, ಮತ್ತೆ ಓಡುತ್ತಿತ್ತು. ಉದ್ದದವು, ಗಿಡ್ಡದವು, ಎಮ್ಮೆಕೊಂಬಿನ ಹಿಡಿಯವು, ಮರದ ಹಿಡಿಯವು, ಹಿಡಿಯೇ ಇನ್ನೂ ಬಾರದೆ ಬರಿಮೈಯಲ್ಲಿ ಒರಗಿ ನಿಂತವು.

ಮೂವತ್ತಾರು ವರ್ಷದ ಬದುಕಿನಲ್ಲಿ ಎಷ್ಟು ಕುಡುಗೋಲು ಅವಳ ಕೈಯಲ್ಲಿ ಸವೆದಿದ್ದವೋ ಲೆಕ್ಕವಿಲ್ಲ. ತನ್ನದು ಅನ್ನುವ ಖುಕುರಿ ಒಂದೂ ಇರಲಿಲ್ಲ. ಮನೆಯಲ್ಲಿ ಒಂದಿತ್ತು, ಮಾವನದು. ಮಾವ ಹೋದ ಮೇಲೆ ಅದು ಗಂಡನ ಸೊಂಟಕ್ಕೆ ಏರಿತು. ಕುಂಬಳಕಾಯಿ ಹೋಳು ಮಾಡುವುದಕ್ಕೆಂದು ಹೆಂಗಸರು ತೆಗೆದುಕೊಳ್ಳುವುದು, ಒರೆಸಿ ಹಿಂದಕ್ಕೆ ಇಡುವುದು, ಅಷ್ಟೇ. ಈಗ ಊರಿನ ಕಾಡು ಕಾಯುವ ಕೆಲಸ ಅವಳಿಗೆ ಬಂದಿತ್ತು. ಕಾಡು ಕಾಯುವವರ ಸೊಂಟದಲ್ಲಿ ಅವರದೇ ಖುಕುರಿ ಇರಬೇಕು.

ಕಳೆದ ಚೈತ್ರದಲ್ಲಿ ಗುಡ್ಡದ ಪಶ್ಚಿಮದ ಮಗ್ಗುಲಿಗೆ ಬೆಂಕಿ ಬಿದ್ದಾಗ ಊರೆಲ್ಲ ಮದುವೆಯೊಂದಕ್ಕೆ ಹೋಗಿತ್ತು. ಹಸಿ ಕೊಂಬೆಯೊಂದನ್ನು ಹಿಡಿದು, ಜನ ಬರುವವರೆಗೂ ಬೆಂಕಿಯನ್ನು ಒಬ್ಬಳೇ ಬಡಿಬಡಿದು ತಡೆದವಳು ಜಸಮಾಯಾ. ಹಳೆಯ ಕಾವಲುಗಾರ ದಲ್‌ಮರ್ದನ್‌ಗೆ ಮೊಣಕಾಲು ಸೋತು ಅವನು ಕೆಲಸ ಬಿಟ್ಟಾಗ, ಊರಿನ ಕಾಡು ಸಮಿತಿಯ ಹೆಂಗಸರೆಲ್ಲ ಅವಳ ಹೆಸರೇ ಹೇಳಿದರು. ದಲ್‌ಮರ್ದನ್‌ಗೆ ತನ್ನ ತಂಗಿಯ ಮಗ ಬರಬೇಕೆಂದು ಆಸೆ. ಅವನು ಸಭೆಯಲ್ಲಿ ಎದ್ದು, "ಬೆಂಕಿ ಬಡಿಯೋದು ಬೇರೆ, ವನದಮ್ಮನ ಕೊಂಬೆ ಕಡಿಯೋದು ಬೇರೆ. ಒಂದು ಪಟ್ಟೆ ರಾಗಿ ಕುಯ್ಯೋಕೆ ಅರ್ಧ ದಿನ ತಗೊಳ್ಳೋಳು ಒಂದೇ ಏಟಿಗೆ ಕಡೀತಾಳಾ?" ಎಂದಿದ್ದ. ಜನ ನಕ್ಕಿದ್ದರು. ನಗುವಂಥ ಮಾತೇ. ಕುಡುಗೋಲು ಹಿಡಿದರೆ ಜಸಮಾಯಾಳಷ್ಟು ನಿಧಾನದವರು ಆ ಇಳಿಜಾರಿನಲ್ಲೇ ಇರಲಿಲ್ಲ.

ಮಂಗ್ಸಿರದ, ಅಂದರೆ ಮಾರ್ಗಶಿರದ ಹುಣ್ಣಿಮೆಗೆ ಸೌದೆ ಕಡಿಯಲು ಕಾಡು ತೆರೆಯುತ್ತದೆ. ಅಂದು ವನದಮ್ಮನ ಕಲ್ಲಿನ ಮುಂದೆ ಪೂಜೆಯಾಗಿ, ಕಾಯುವವರು ತಮ್ಮ ಸ್ವಂತ ಖುಕುರಿಯಿಂದ ಮೊದಲ ಕೊಂಬೆಯನ್ನು ಒಂದೇ ಏಟಿಗೆ ಕಡಿಯಬೇಕು. ಎರವಲು ಕಬ್ಬಿಣ ಸಲ್ಲದು. ಒಂದೇಟಿಗೆ ಬೀಳದಿದ್ದರೆ ಅಮ್ಮನಿಗೆ ಒಪ್ಪಿಗೆಯಿಲ್ಲ ಎಂದರ್ಥ. ಕಾಡು ಮುಂದಿನ ಹುಣ್ಣಿಮೆಯವರೆಗೆ ಮುಚ್ಚಿರುತ್ತದೆ, ಕಾವಲು ಬೇರೆಯವರ ಪಾಲಾಗುತ್ತದೆ. ಹುಣ್ಣಿಮೆಗೆ ಇನ್ನು ಎರಡೇ ದಿನ. ಊರಿನ ಯಾರ ಅಟ್ಟದಲ್ಲೂ ಸೌದೆಯಿರಲಿಲ್ಲ.

ಹರ್ಕಲಾಲ್ ಕೊನೆಗೆ ತಲೆ ಎತ್ತಿ ಜಸಮಾಯಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಎದ್ದು, ಗೋಡೆಯಿಂದ ಮರದ ಹಿಡಿಯದೊಂದನ್ನು ತೆಗೆದುಕೊಟ್ಟು, ಅಂಗಳದಲ್ಲಿ ನೆಟ್ಟಿದ್ದ ಹಸಿ ಬಿದಿರನ್ನು ತೋರಿಸಿದ. "ಹಾಕಮ್ಮ ಒಂದೇಟು. ಬಂದೋರೆಲ್ಲ ಅದಕ್ಕೇ ಹಾಕೋದು. ಹೆದರ್ಬೇಡ, ಅದು ಬೈಯಲ್ಲ."

ಜಸಮಾಯಾ ಕಾಲು ಅಗಲಿಸಿ ನಿಂತು, ಉಸಿರು ಬಿಗಿಹಿಡಿದು ಬೀಸಿದಳು. ಅಲಗು ಬಿದಿರಿಗೆ ಓರೆಯಾಗಿ ತಾಗಿ, ಸಿಪ್ಪೆ ಕಿತ್ತು, ಜಾರಿತು. ಇನ್ನೊಂದು ಬೀಸಿದಳು. ಈ ಸಲ ಅರ್ಧಕ್ಕೆ ಹೊಕ್ಕು ಕಚ್ಚಿಕೊಂಡಿತು. ಎಳೆದರೆ ಬಿದಿರೂ ಜೊತೆಗೆ ಬಂದು ತಲೆದೂಗಿತು, ಗೇಲಿ ಮಾಡುವಂತೆ.

"ಖುಕುರಿ ಸರಿಯಿಲ್ಲ," ಎಂದಳು ಚಂದ್ರಸರಿ ತಕ್ಷಣ. "ಬೇರೆ ಕೊಡು."

ಬೇರೆ ಕೊಟ್ಟ. ಅದೂ ಹಾಗೇ. ಮೂರನೆಯದು ಕೈಯಿಂದಲೇ ಜಾರಿ ಕೋಳಿಗಳ ನಡುವೆ ಬಿತ್ತು. ಕೋಳಿಗಳು ಕೂಗಿಕೊಂಡು ಚದುರಿದವು. ಚಂದ್ರಸರಿ ಈ ಸಲ ಖುಕುರಿಯನ್ನು ದೂರದೆ ಎಲೆಬೀಡಿಯೊಂದನ್ನು ಹಚ್ಚಿಕೊಂಡಳು.

"ಬಿಡು, ಸಾಕು," ಎಂದ ಹರ್ಕಲಾಲ್. ಖುಕುರಿಯನ್ನು ಎತ್ತಿ, ಮಣ್ಣು ಒರೆಸಿ, ಹಣೆಗೆ ಮುಟ್ಟಿಸಿಕೊಂಡು ಒಳಗಿಟ್ಟ. "ನಮ್ಮಪ್ಪ ಒಂದು ಮಾತು ಹೇಳೋನು. ದೊಡ್ಡದನ್ನ ವರ್ಷಕ್ಕೆ ಹತ್ತು ಸಲ ಹಿರೀತೀಯ, ಸಣ್ಣದನ್ನ ದಿನಕ್ಕೆ ಹತ್ತು ಸಲ. ಅದಕ್ಕೇ ಮೊದಲು ಸಣ್ಣದು ಆರಿಸು. ಸಣ್ಣದು ಕೈಗೆ ಬಂತೋ, ದೊಡ್ಡದು ತಾನೇ ಹಿಂದೆ ಬರುತ್ತೆ, ತಾಯಿ ಎಮ್ಮೆ ಕರುವಿನ ಹಿಂದೆ ಬಂದ ಹಾಗೆ."

ಅವನು ಒಂದು ತಗಡಿನ ಡಬ್ಬಿಯನ್ನು ಅವಳ ಮುಂದೆ ಮಗುಚಿದ. ಕರ್ದಾಗಳು, ಖುಕುರಿಯ ಒರೆಯ ಬೆನ್ನಿನ ಕಿರುಜೇಬಿನಲ್ಲಿ ಕೂರುವ ಗೇಣುದ್ದದ ಚಾಕುಗಳು. ಇಪ್ಪತ್ತಾದರೂ ಇದ್ದವು. "ಈಗಿನೋರು ಇದನ್ನ ಡಬ್ಬದ ತಗಡಲ್ಲಿ ಮಾಡಿ ಸುಮ್ನೆ ಚೆಂದಕ್ಕೆ ಸಿಗಿಸ್ತಾರೆ. ನಾನು ದೊಡ್ಡದಕ್ಕೆ ಹಾಕೋ ಲಾರಿ ಕಮಾನುಪಟ್ಟೀಲೇ ಇದನ್ನೂ ಬಡೀತೀನಿ. ಮುಳ್ಳು ತೆಗೀಬೇಕು, ಹಗ್ಗ ಕುಯ್ಬೇಕು, ಶುಂಠಿ ಹೆರೀಬೇಕು. ಸುಳ್ಳು ಕಬ್ಬಿಣ ನಡಿಯಲ್ಲ," ಎಂದು ಪಕ್ಕದ ಬುಟ್ಟಿಯಿಂದ ಒಂದು ಮೂಲಂಗಿ ಎಸೆದ. "ಹೆರಿ."

ಜಸಮಾಯಾ ಡಬ್ಬಿಯ ರಾಶಿಯ ಮೇಲೆ ಬಗ್ಗಿದಳು. ಒಂದೊಂದನ್ನೇ ಎತ್ತಿ ತೂಗಿದಳು. ಒಂದರ ಹಿಡಿ ಬೆರಳಿಗೆ ಚಿಕ್ಕದಾಯಿತು. ಒಂದು ತುದಿಗೆ ಭಾರ. ಇನ್ನೊಂದು ಕೊಂಬಿನ ಹಿಡಿಯದು, ಬೆನ್ನು ಸ್ವಲ್ಪ ದಪ್ಪ, ತುದಿ ಗುಬ್ಬಿಯ ಕೊಕ್ಕಿನಂತೆ. ಅದನ್ನು ಎತ್ತಿದ್ದೇ ಅವಳಿಗೆ ಉಳಿದವು ಮರೆತುಹೋದವು. ಮೂಲಂಗಿಯನ್ನು ತಿರುಗಿಸುತ್ತ ಹೆರೆಯತೊಡಗಿದಳು. ಸಿಪ್ಪೆ ತೆಳ್ಳಗೆ, ಎಲ್ಲಿಯೂ ಕಡಿಯದೆ ಇಳಿದು ಇಳಿದು ಮೊಣಕಾಲು ದಾಟಿ ನೆಲ ಮುಟ್ಟಿತು. ಏನು ಸುಖ ಅದರಲ್ಲಿ! ಕಬ್ಬಿಣ ತನ್ನ ಬೆರಳಿನಿಂದಲೇ ಬೆಳೆದುಬಂದ ಉಗುರು ಎನ್ನುವ ಹಾಗಿತ್ತು. ಅವಳು ತನ್ನಷ್ಟಕ್ಕೆ ನಕ್ಕಳು.

ತಿದಿ ನಿಂತಿತು. ತಲೆ ಎತ್ತಿ ನೋಡಿದರೆ ಪೂತಲಿ ಅವಳನ್ನೇ ನೋಡುತ್ತಿದ್ದಾಳೆ. ಹರ್ಕಲಾಲ್ ನೋಡುತ್ತಿದ್ದಾನೆ. ಅತ್ತೆಯ ಬಾಯಲ್ಲಿದ್ದ ಎಲೆಬೀಡಿ ಆರಿ ತುಟಿಗೆ ಅಂಟಿಕೊಂಡು ನೇತಾಡುತ್ತಿದೆ.

ಚಾಕು ಅವಳ ಎಡಗೈಯಲ್ಲಿತ್ತು.

ಹದಿನಾರು ವರ್ಷ ಬಚ್ಚಿಟ್ಟದ್ದು ಒಂದು ಮೂಲಂಗಿಗೆ ಹೊರಬಿತ್ತು. ತವರಿನಲ್ಲಿ ಅವ್ವ ಊಟದ ಹೊತ್ತಿಗೆ ಆ ಕೈಯನ್ನು ಬಟ್ಟೆಯಿಂದ ಸೊಂಟಕ್ಕೆ ಕಟ್ಟುತ್ತಿದ್ದಳು. ಮದುವೆಯ ದಿನ ಕಿವಿಯಲ್ಲಿ, "ಅಲ್ಲಿ ಆ ಕೈ ತೋರಿಸ್ಬೇಡ ಮಗಳೇ, ಒಲೆಗೆ ಆಗಿಬರಲ್ಲ ಅಂತಾರೆ," ಎಂದಿದ್ದಳು. ಜಸಮಾಯಾ ತೋರಿಸಿರಲಿಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಮಾತ್ರ ಚಾಕು ತಾನಾಗಿ ಎಡಕ್ಕೆ ಹೋಗುತ್ತಿತ್ತು. ಅತ್ತೆಯ ಹೆಜ್ಜೆ ಕೇಳಿದರೆ ತಾನಾಗಿ ಬಲಕ್ಕೆ ಬರುತ್ತಿತ್ತು.

"ಇಷ್ಟು ದಿನ ಎಲ್ಲಿತ್ತಮ್ಮ ಈ ಕೈ?" ಎಂದು ಹರ್ಕಲಾಲ್ ಎದ್ದೇಬಿಟ್ಟ. ಎಪ್ಪತ್ತರ ಮುದುಕನ ಮುಖದಲ್ಲಿ ಹಬ್ಬ. "ಅಯ್ಯೋ, ಕುಡುಗೋಲಿಗೆ ಹಲ್ಲು ಕೊರೆಯೋನು ನಾನೇ ಅಲ್ವಾ? ಅಲಗಿನ ಒಂದೇ ಕೆನ್ನೆಗೆ ಕೊರೀತೀನಿ. ಅದು ಬಲಗೈಯೋರ ಸಾಮಾನು. ಎಡಗೈಲಿ ಹಿಡಿದ್ರೆ ಹುಲ್ಲಿನ ಮೇಲೆ ಜಾರುತ್ತೆ. ಬಾರದ ಕೈಲಿ ಕುಯ್ದು ನೀನು ನಿಧಾನ ಆದೆ. ಖುಕುರಿಗೆ ಆ ಪಕ್ಷಪಾತ ಇಲ್ಲ, ಎರಡೂ ಕೆನ್ನೆ ಒಂದೇ. ಪೂತಲೀ, ಊದು, ಊದು! ಆ ಮೂಲೇದು ತಾ."

ಪೂತಲಿ ತಂದದ್ದು ಬರಿಮೈಯ ಅಲಗು. ಇನ್ನೂ ಹದ ಕಂಡಿರಲಿಲ್ಲ. ಉದ್ದ ಹೆಚ್ಚಿಲ್ಲ, ಹೊಟ್ಟೆ ತುಂಬಿಕೊಂಡಿತ್ತು, ಬಾಗು ಚೌತಿಯ ಚಂದ್ರನ ಹಾಗೆ. ಹಿಡಿಯಿಲ್ಲದ ಬಾಲಕ್ಕೆ ಚಿಂದಿ ಸುತ್ತಿ ಜಸಮಾಯಾಳ ಎಡಗೈಗೆ ಕೊಟ್ಟ. "ಕಣ್ಣು ಮುಚ್ಕೊ. ಏನನ್ಸುತ್ತೆ ಹೇಳು."

ಅವಳು ಕಣ್ಣು ಮುಚ್ಚಿದಳು. "ಮುಂದಕ್ಕೆ ಎಳೀತಿದೆ, ಅಜ್ಜ."

"ಎಷ್ಟು?"

"ದನ ಮನೆ ಕಡೆ ಎಳೆದಷ್ಟು. ನಾನು ಬೇಡ ಅಂದ್ರೆ ನಿಲ್ಲುತ್ತೆ."

"ಅದೇ ನಿಂದು," ಎಂದ ಹರ್ಕಲಾಲ್.

ಅಲಗು ಕೆಂಡದೊಳಗೆ ಹೋಯಿತು. ಬೂದು ಕೆಂಪಾಗಿ, ಕೆಂಪು ಕಿತ್ತಳೆಯಾಗುವವರೆಗೂ ಪೂತಲಿ ತಿದಿ ಒತ್ತುತ್ತಲೇ ಇದ್ದಳು. ಹರ್ಕಲಾಲ್ ಇಕ್ಕಳದಲ್ಲಿ ಅದನ್ನು ಹೊರತೆಗೆದು, ಮಸಿ ಹಿಡಿದ ಚಹಾ ಕೆಟಲಿನ ಕೊಕ್ಕಿನಿಂದ ಬಾಯಿಯುದ್ದಕ್ಕೂ ಮಾತ್ರ ನೀರಿನ ಎಳೆಯೊಂದನ್ನು ಹರಿಸಿದ, ತುದಿಯಿಂದ ಬುಡಕ್ಕೆ, ಬುಡದಿಂದ ತುದಿಗೆ. ಬೆನ್ನಿಗೆ ಒಂದು ಹನಿ ತಾಗಿಸಲಿಲ್ಲ. ಚುಂಯ್ ಎಂದು ಆವಿ ಎದ್ದು ಅವನ ಮುಖ ಮರೆಯಾಯಿತು. ಬಾಯಿ ಗಡುಸಾಗಬೇಕು, ಬೆನ್ನು ಮೆದುವಾಗಿ ಉಳಿಯಬೇಕು. ಬೆನ್ನೂ ಗಡುಸಾದರೆ ಏಟಿಗೆ ಮುರಿಯುತ್ತದೆ. ಅವನ ತುಟಿ ಏನನ್ನೋ ಜಪಿಸುತ್ತಿತ್ತು. ಜಸಮಾಯಾ ತನಗರಿವಿಲ್ಲದೆ ಕೈಮುಗಿದಳು. ಸಾವಿರ ಕಬ್ಬಿಣ ಕಾಯಿಸಿದವನೂ ಪ್ರತಿ ಸಲ ಹೊಸಬನಂತೆ ಬೇಡಿಕೊಳ್ಳುವ ಗಳಿಗೆ ಅದು. ನೀರು ಒಪ್ಪಿದರೆ ಆಯುಧ, ಇಲ್ಲವಾದರೆ ಚೂರು.

ನೀರು ಒಪ್ಪಿತು. ಸಾಣೆ ಹಿಡಿದು, ಅರಗು ಕಾಯಿಸಿ ಕೊಂಬಿನ ಹಿಡಿ ಕೂರಿಸಿ, ಅದು ಆರುವಷ್ಟರಲ್ಲಿ ಹೊತ್ತು ಇಳಿಯತೊಡಗಿತ್ತು. ಜಸಮಾಯಾ ಮತ್ತೆ ಬಿದಿರಿನ ಮುಂದೆ ನಿಂತಳು. ಎಡಗೈಯಲ್ಲಿ ಹಿಡಿದಳು. ಬೀಸಿದ್ದು ಅವಳಿಗೆ ಗೊತ್ತಾಗಲಿಲ್ಲ. ಬಿದಿರು ನಿಂತೇ ಇತ್ತು. ತಪ್ಪಿತೇನೋ ಅಂದುಕೊಳ್ಳುವಷ್ಟರಲ್ಲಿ ಮೇಲಿನ ತುಂಡು ಮೆಲ್ಲಗೆ ಓರೆಯಾಗಿ ಜಾರಿ ಕಾಲ ಬಳಿ ಬಿತ್ತು.

"ಅಬ್ಬಾ!" ಎಂದು ಪೂತಲಿ ಚಪ್ಪಾಳೆ ತಟ್ಟಿದಳು. ಜಸಮಾಯಾ ಇನ್ನೊಂದು ಬೀಸಿದಳು, ಮತ್ತೊಂದು ಬೀಸಿದಳು. ಹರ್ಕಲಾಲ್ ಬಂದು ಕೈ ಹಿಡಿಯದಿದ್ದರೆ ಬಿದಿರನ್ನು ಬುಡದವರೆಗೂ ಹೋಳು ಹೋಳು ಮಾಡಿಬಿಡುತ್ತಿದ್ದಳೇನೋ. "ಸಾಕು ತಾಯೀ, ನಾಳೆ ಬರೋರಿಗೂ ಸ್ವಲ್ಪ ಬಿಡು."

ಆಗ ಚಂದ್ರಸರಿ ಬಾಯಿ ಬಿಟ್ಟಳು. "ಎಡಗೈಲಿ ದೇವಿ ಕೊಂಬೆ ಕಡಿಯೋಕಾಗುತ್ತಾ? ಆ ಕೈ ಮುಟ್ಟಬಾರದು."

ಹರ್ಕಲಾಲ್ ಒರೆಯನ್ನು ತೊಡೆಯ ಮೇಲಿಟ್ಟು ಬೆರಳಿನಿಂದ ಅಳೆಯುತ್ತಿದ್ದ. "ಮುಟ್ಟಬಾರದು ಅನ್ನೋ ಮಾತನ್ನ ನಾನು ಹುಟ್ಟಿದಾಗಿಂದ ಕೇಳ್ತಾ ಇದೀನಮ್ಮ," ಎಂದ ಮೆಲ್ಲಗೆ. "ದಸೈಂ ಹಬ್ಬದಲ್ಲಿ ನೀವೆಲ್ಲ ಪೂಜೆಗಿಡೋ ಖುಕುರಿ ನನ್ನ ಕೈಯಿಂದಲೇ ಬಂದದ್ದು. ದೇವಿ ಇವತ್ತಿನವರೆಗೂ ಒಂದನ್ನೂ ವಾಪಸ್ಸು ಕಳಿಸಿಲ್ಲ."

ಚಂದ್ರಸರಿ, ಕಮ್ಮಾರರ ಮನೆಯ ನೀರು ಮುಟ್ಟಬಾರದೆಂದು ತಾನು ಮನೆಯಿಂದ ತಂದಿದ್ದ ನೀರಿನ ಸೀಸೆಯನ್ನು ಸೆರಗಿನ ಮರೆಗೆ ಸರಿಸಿಕೊಂಡಳು.

ಒರೆಯನ್ನು ಎಡಗೈಯವರಿಗೆ ಸಿಗುವಂತೆ ಸೊಂಟದಲ್ಲಿ ತಿರುಗಿಸಿ ಸಿಗಿಸಿದರೆ ಕಿರುಜೇಬು ಹೊರಮುಖವಾಗುತ್ತಿತ್ತು. ಪೊದೆಗೆ ಸಿಕ್ಕಿ ಸಣ್ಣ ಚಾಕು ಉದುರಿಹೋಗುತ್ತದೆ. ಪೂತಲಿ ಹೊಲಿಗೆ ಬಿಚ್ಚಿ, ಜೇಬನ್ನು ಒರೆಯ ಇನ್ನೊಂದು ಮಗ್ಗುಲಿಗೆ ಹೊಲಿದಳು. "ನಲವತ್ತು ವರ್ಷದಲ್ಲಿ ಈ ಕಡೆ ಹೊಲಿದದ್ದು ಇದೇ ಮೊದಲು, ಅಮ್ಮಾ. ನನ್ನ ಸೂಜಿಗೂ ದಾರಿ ತಪ್ತಾ ಇದೆ," ಎಂದು ನಕ್ಕಳು. ತನ್ನ ಗಂಡ ಕೊಟ್ಟು ಕಳಿಸಿದ್ದ ನೋಟುಗಳನ್ನು ಜಸಮಾಯಾ ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟಳು.

ಇಳಿಯುವ ದಾರಿಯಲ್ಲಿ ಅತ್ತೆ ಮುಂದೆ, ಸೊಸೆ ಹಿಂದೆ. ಕಿತ್ತಳೆ ತೋಟ ದಾಟಿತು, ತೂಗುಸೇತುವೆ ದಾಟಿತು, ಅತ್ತೆ ಹಿಂದಿರುಗಿ ನೋಡದೆ ನಡೆಯುತ್ತಲೇ ಇದ್ದಳು. ಜಸಮಾಯಾಳ ಮನಸ್ಸು ಎರಡಾಗಿತ್ತು. ಒಂದು ಹೆದರಿತ್ತು. ಇನ್ನೊಂದು ಸೊಂಟಕ್ಕೆ ಸುತ್ತಿದ ಪಟುಕದ ಬಟ್ಟೆಯಲ್ಲಿ ಹೊಸ ಭಾರವನ್ನು ಹೆಜ್ಜೆಹೆಜ್ಜೆಗೂ ಕೇಳಿಸಿಕೊಳ್ಳುತ್ತ ಕುಣಿಯುತ್ತಿತ್ತು. ಏರಿನ ಮೊದಲ ಕಟ್ಟೆ ಬಂದದ್ದೇ ಚಂದ್ರಸರಿ ಧೊಪ್ಪನೆ ಕೂತಳು.

"ಹದಿನಾರು ವರ್ಷ!" ಎಂದಳು. "ಹದಿನಾರು ವರ್ಷ ನಿನ್ನ ಆಮೆ ಅಂದೆ. ಬಸವನಹುಳ ಅಂದೆ. ನಿಮ್ಮಪ್ಪ ಸೋಮಾರಿ ಹೆಣ್ಣು ಕೊಟ್ಟ ಅಂತ ಊರೆಲ್ಲ ಸಾರಿದೆ. ಒಂದ್ಸಲ ಬಾಯಿ ಬಿಟ್ಟು ಹೇಳಿದ್ರೆ ಏನಾಗ್ತಿತ್ತೇ? ಇಷ್ಟು ಸುಳ್ಳು ಆಡಿಸಿದೆಯಲ್ಲ ನನ್ನ ನಾಲಿಗೇಲಿ, ಈ ಪಾಪ ಯಾರು ತಿನ್ನೋದು?"

"ಹೆದರಿಕೆ ಆಯ್ತು, ಅತ್ತೆ."

"ನನಗೆ ಹೆದರಿದ್ಯಾ? ಬೆಂಕಿಗೆ ಹೆದರಲಿಲ್ಲ!"

"ಬೆಂಕಿ ಆಡ್ಕೊಳಲ್ಲ, ಅತ್ತೆ."

ಚಂದ್ರಸರಿಗೆ ನಗು ಬಂತು. ಅದನ್ನು ಕೆಮ್ಮಿನಲ್ಲಿ ಮುಚ್ಚಿ, ಸೊಸೆಯ ಬೆನ್ನಿಗೆ ಒಂದು ಗುದ್ದಿದಳು. ಮತ್ತೆ ಮುಖ ಗಂಭೀರವಾಯಿತು. "ನನ್ನ ಮಾತು ಬೇರೆ, ಅಮ್ಮನ ಮುಂದಿನ ಮಾತು ಬೇರೆ. ಅಲ್ಲಿ ಬಲಗೈ. ಕಬ್ಬಿಣಕ್ಕೆ ಕೈ ಯಾವುದು ಅಂತ ಗೊತ್ತಾಗಲ್ಲ, ಅಮ್ಮನಿಗೆ ಗೊತ್ತಾಗುತ್ತೆ."

"ಬಲಗೈಲಿ ಬರಲ್ಲ."

"ಬರುತ್ತೆ. ಅವಳೇ ಬರಿಸ್ತಾಳೆ."

ಮರುದಿನವೆಲ್ಲ ಜಸಮಾಯಾ ಹಿತ್ತಿಲಿನಲ್ಲಿ ಸೌದೆಗೂಟಗಳ ಜೊತೆ ಕಳೆದಳು. ಈಯಲಿದ್ದ ಎಮ್ಮೆಯನ್ನು ಕಾಯುತ್ತ ಗಂಡ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಎಣಿಸಿದ. ಬಲಗೈಯಲ್ಲಿ ಹತ್ತಕ್ಕೆ ಮೂರು. ಎಡಗೈಯಲ್ಲಿ ಹತ್ತಕ್ಕೆ ಹತ್ತು. "ಅವ್ವ ಹೇಳಿದ್ದು ಕೇಳಿದ್ರೆ ಕಾಡು ಮುಚ್ಚುತ್ತೆ. ಕೇಳದಿದ್ರೆ ಮನೆ ಬಾಗಿಲು ಮುಚ್ಚುತ್ತೆ," ಎಂದ ಅವನು. "ನಾನಂತೂ ಎಮ್ಮೆ ಜೊತೆ ಇಲ್ಲೇ ಇರ್ತೀನಿ." ಅವಳು ಒಂದು ಚೆಕ್ಕೆಯನ್ನು ಅವನತ್ತ ಎಸೆದಳು. ನಗುತ್ತಲೇ ಎಸೆದಳು, ಆದರೆ ಸಂಜೆ ಒಲೆಯ ಮೂರು ಕಲ್ಲುಗಳ ಮುಂದೆ ಕೂತು ಹಿರಿಯರನ್ನು ನೆನೆಯುವಾಗ ಅವಳಿಗೆ ಏನು ಬೇಡಬೇಕೆಂದು ತಿಳಿಯಲಿಲ್ಲ. ಬಲಗೈಗೆ ಬಲ ಕೊಡು ಎಂದು ಬೇಡುವುದೋ, ಎಡಗೈಗೆ ಕ್ಷಮೆ ಕೊಡು ಎಂದು ಬೇಡುವುದೋ. ಸುಮ್ಮನೆ ಹಣೆ ಮುಟ್ಟಿಸಿ ಎದ್ದಳು. ಬೇಡಲು ತಿಳಿಯದವರ ಬೇಡಿಕೆಯನ್ನೂ ಕೇಳಿಸಿಕೊಳ್ಳುವವರು ಇದ್ದಾರೆ ಎಂಬುದೊಂದು ನಂಬಿಕೆ.

ಹುಣ್ಣಿಮೆಯ ಬೆಳಿಗ್ಗೆ ಮಂಜು ಕಣಿವೆಯಲ್ಲೇ ಉಳಿದು ಗುಡ್ಡದ ನೆತ್ತಿ ಬಿಸಿಲಿಗೆ ಬಂದಿತ್ತು. ಬೆನ್ನುಬುಟ್ಟಿ, ಹಗ್ಗ, ಹಣೆಪಟ್ಟಿ ಹೊತ್ತು ಊರಿಗೂರೇ ವನದಮ್ಮನ ಕಲ್ಲಿನ ಸುತ್ತ ನೆರೆದಿತ್ತು. ಕಲ್ಲಿನ ಮೇಲೆ ಬಾಗಿದ್ದ ಕಟುಸ್ ಮರದ ಕೊಂಬೆಯೊಂದಕ್ಕೆ ಯಾರೋ ಆಗಲೇ ಹೂ ಸಿಕ್ಕಿಸಿದ್ದರು. ಮುಂಗೈ ಗಾತ್ರದ ಕೊಂಬೆ.

ಪೂಜೆ ಹಿಡಿಯುವ ಧಾಮಿ ಅಜ್ಜ ಅಕ್ಕಿ ಚೆಲ್ಲಿ, ಸೋರೆಬುರುಡೆಯಿಂದ ರಾಗಿಯ ಹೆಂಡ ಎರೆದು, ಶುಂಠಿ ಕೈಗೆತ್ತಿಕೊಂಡ. "ಕಾಯೋಳ ಸಣ್ಣದು ಕೊಡಿ," ಎಂದ. ಜಸಮಾಯಾ ಬೆನ್ನು ತಿರುಗಿಸಿ ಬಗ್ಗಿದಳು. ಅವನ ಬೆರಳು ಒರೆಯ ಮೇಲೆ ಹುಡುಕಾಡಿ, ಜೇಬು ಇರಬೇಕಾದಲ್ಲಿ ಸಿಗದೆ, ಇನ್ನೊಂದು ಮಗ್ಗುಲಲ್ಲಿ ಸಿಕ್ಕಿತು. "ಇದ್ಯಾಕೆ ತಿರುಗಾಮುರುಗಾ ಇದೆ?" ಎಂದು ಗೊಣಗಿ, ಚಾಕು ಹಿರಿದು ಶುಂಠಿ ಕುಯ್ದ. ಹೋಳುಗಳು ಎಲೆಯಷ್ಟು ತೆಳ್ಳಗೆ ಬಿದ್ದವು. "ಒಳ್ಳೇ ಕಬ್ಬಿಣ," ಎಂದು ಅವನು ಮಂತ್ರಕ್ಕೆ ಮರಳಿದ.

ಆದರೆ ದಲ್‌ಮರ್ದನ್‌ನ ಕಣ್ಣು ಮೊಣಕಾಲಿನಷ್ಟು ಸೋತಿರಲಿಲ್ಲ. "ಎಡಚಿ!" ಎಂದ ಕೋಲೂರಿ ಎದ್ದು. "ನೋಡ್ರೋ, ಹಿಡಿ ಎಡಕ್ಕಿದೆ. ಎಡಗೈಯೋಳನ್ನ ಅಮ್ಮನ ಮುಂದೆ ತಂದು ನಿಲ್ಸಿದೀರಾ?"

ಗುಜುಗುಜು ಎದ್ದಿತು. ಚಂದ್ರಸರಿ ಗುಂಪನ್ನು ಸೀಳಿಕೊಂಡು ಮುಂದೆ ಬಂದಳು. "ಬಲಗೈಲೇ ಕಡೀತಾಳೆ ನನ್ನ ಸೊಸೆ! ನಿನ್ನ ಬಾಯಿಗಿಂತ ಅವಳ ಕೈ ನೆಟ್ಟಗಿದೆ, ಕೂತ್ಕೋ!" ಎಂದು ಕೂಗಿದಳು.

ಧಾಮಿ ಅಜ್ಜನಿಗೆ ಕಿವಿ ಮಂದ, ಮಂತ್ರದ ನಡುವೆ ಮತ್ತೂ ಮಂದ. ಅವನು ಅರಿಶಿನ ಹಚ್ಚಿದ ದಾರ ಹಿಡಿದು ಜಸಮಾಯಾಳ ಮುಂದೆ ಬಂದ. ಕಡಿಯುವ ಕೈಗೆ ಅಮ್ಮನ ದಾರ ಕಟ್ಟುವುದು ಪದ್ಧತಿ. ಜಸಮಾಯಾ ಅತ್ತೆಯನ್ನೊಮ್ಮೆ ನೋಡಿ ಬಲಗೈ ಚಾಚಿದಳು. ಅಜ್ಜ ಆ ಕೈಯನ್ನು ನೊಣ ಓಡಿಸುವಂತೆ ಪಕ್ಕಕ್ಕೆ ತಳ್ಳಿದ.

"ಹೆಂಗಸಲ್ವಾ ನೀನು? ಎಡಗೈ ಕೊಡು."

ಅವಳು ಕದಲಲಿಲ್ಲ. ಅವನೇ ಅವಳ ಎಡಗೈಯನ್ನು ಹಿಡಿದೆತ್ತಿ, ಮಣಿಕಟ್ಟಿಗೆ ಮೂರು ಸುತ್ತು ಸುತ್ತಿ ಗಂಟು ಹಾಕಿದ. "ದಾರ ಕಟ್ಟಿದ ಕೈಗೆ ಕಬ್ಬಿಣ, ಕಬ್ಬಿಣ ಹಿಡಿದ ಕೈಗೆ ಕೊಂಬೆ," ಎಂದು ಪ್ರತಿ ವರ್ಷ ಹೇಳುವ ಮಾತನ್ನು ಪ್ರತಿ ವರ್ಷದ ರಾಗದಲ್ಲೇ ಹೇಳಿದ.

"ಅಜ್ಜ, ಬಲಗೈ!" ಎಂದು ದಲ್‌ಮರ್ದನ್ ಅವನ ಕಿವಿಯ ಬಳಿ ಬಂದು ಕಿರುಚಿದ. "ನನಗೆ ಇಪ್ಪತ್ತು ವರ್ಷ ಬಲಗೈಗೇ ಕಟ್ಟಿದೆಯಲ್ಲ!"

"ನೀನು ಗಂಡಸು, ಬಲಗೈಗೆ ಕಟ್ಟಿದೆ," ಎಂದ ಧಾಮಿ, ಇವನಿಗೆ ಇಷ್ಟೂ ತಿಳಿಯದೆ ಎನ್ನುವಂತೆ ನೋಡುತ್ತ. "ಇವಳು ಹೆಂಗಸು. ದಾರ ಹೆಂಗಸರಿಗೆ ಎಡಗೈಗೆ. ನಿನ್ನ ಹೆಂಡತಿಗೆ ಯಾವ ಕೈಗೆ ಕಟ್ತೀನಿ ನಾನು, ಹೋಗಿ ನೋಡು. ಇದರಲ್ಲಿ ನಾನೇನು ಹೊಸದು ಮಾಡಿದೆ?"

ಗುಂಪಿನಲ್ಲಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ತಮ್ಮ ತಮ್ಮ ಮಣಿಕಟ್ಟು ನೋಡಿಕೊಂಡರು. ಚಂದ್ರಸರಿಯೂ ತೋಳು ಸರಿಸಿ ನೋಡಿಕೊಂಡಳು. ಬೆವರಿಗೆ, ಬೂದಿಗೆ, ಸಗಣಿಗೆ ಮಾಸಿದ ಎಳೆ ಅಲ್ಲೇ ಇತ್ತು, ಎಡಗೈಯಲ್ಲಿ, ಅವಳು ಮೈನೆರೆದಾಗಿನಿಂದ ವರ್ಷವರ್ಷವೂ ಇದ್ದಲ್ಲಿ. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿ, ಗದ್ದ ಎತ್ತಿ, ಒಂದೇ ಸಲ ತಲೆ ಆಡಿಸಿದಳು.

ಜಸಮಾಯಾಳ ಮೈಯಲ್ಲಿ ಏನೋ ಜುಮ್ಮೆಂದು ಏರಿತು. ಎಡಗೈ ಹಿಂದಕ್ಕೆ ಹೋದದ್ದೇ ಹಿಡಿ ತಾನಾಗಿ ಅಂಗೈಗೆ ಬಂದಿತು. ಖುಕುರಿ ಒರೆಯಿಂದ ಹೊರಬರುವ ಸದ್ದು ಬೆಳಗಿನ ಮೌನದಲ್ಲಿ ಉದ್ದಕ್ಕೆ ಕೇಳಿಸಿತು. ಅದನ್ನು ಹಣೆಗೆ ಮುಟ್ಟಿಸಿಕೊಂಡಳು. ಕೊಂಬೆಯ ಮೇಲೆ ಕಣ್ಣು ನೆಟ್ಟಳು. ಅಲ್ಲಿ ಜನವಿರಲಿಲ್ಲ, ದಲ್‌ಮರ್ದನ್ ಇರಲಿಲ್ಲ, ಅತ್ತೆಯೂ ಇರಲಿಲ್ಲ. ತೊಗಟೆಯ ಮೇಲೆ ಬೆರಳಗಲದ ಒಂದು ಜಾಗ ಮಾತ್ರ ಇತ್ತು. ಹುಟ್ಟಿದಾಗಿನಿಂದ ಕಟ್ಟಿಹಾಕಿಸಿಕೊಂಡಿದ್ದ ಕೈ ತೋಳಿನ ಬುಡದಿಂದ ಬಿಚ್ಚಿಕೊಂಡು ಹಾರಿತು.

ಟಕ್.

ಎಲೆಗಳೆಲ್ಲ ಒಟ್ಟಿಗೆ ಸರ್ರೆಂದವು. ಕೊಂಬೆ ಒಮ್ಮೆ ಗಾಳಿಯಲ್ಲಿ ಯೋಚಿಸುವಂತೆ ನಿಂತು, ಹೂವಿನ ಸಮೇತ ಕೆಳಗೆ ಬಂದಿತು.

"ಬಿತ್ತೂ!" ಎಂದು ಯಾರೋ ಅರಚಿದರು. ಆಮೇಲೆ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಹೆಂಗಸರು ಬುಟ್ಟಿಗಳನ್ನು ಎತ್ತಿಕೊಂಡು ಓಡಿದರು, ಗಂಡಸರು ಹಗ್ಗ ಬಿಚ್ಚುತ್ತ ಓಡಿದರು, ಒಂದು ನಾಯಿ ಸುಮ್ಮನೆ ಎಲ್ಲರ ಮುಂದೆ ಓಡಿತು. ಜಸಮಾಯಾ ನಿಂತಲ್ಲೇ ನಗುತ್ತಿದ್ದಳು. ನಗು ನಿಲ್ಲಿಸುವುದು ಹೇಗೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಚಂದ್ರಸರಿ ಹತ್ತಿರ ಬಂದು, ಸೊಸೆಯ ಸೊಂಟದ ಪಟುಕ ಸಡಿಲವಾಗಿದ್ದನ್ನು ಎಳೆದು ಬಿಗಿಮಾಡುತ್ತ ಕಿವಿಯಲ್ಲಿ ಹೇಳಿದಳು, "ಉಣ್ಣೋದು ಮಾತ್ರ ಬಲಗೈಲಿ. ಗೊತ್ತಾಯ್ತಾ?"

"ಆಯ್ತು, ಅತ್ತೆ."

"ಹೂಂ. ನಡಿ. ಕಾಯೋಳು ಇಲ್ಲೇ ನಿಂತ್ರೆ ಕಾಡೆಲ್ಲ ಹೊತ್ಕೊಂಡು ಹೋಗ್ತಾರೆ."

ಇಬ್ಬರೂ ಇಳಿಜಾರಿನಲ್ಲಿ ಮರಗಳ ನಡುವೆ ಮರೆಯಾದರು. ಕಲ್ಲಿನ ಬಳಿ ಉಳಿದವನು ದ‌ಲ್‌ಮರ್ದನ್ ಒಬ್ಬನೇ. ಅವನು ಕೋಲೂರಿ ಕಷ್ಟಪಟ್ಟು ಬಗ್ಗಿ, ಬಿದ್ದ ಕೊಂಬೆಯನ್ನು ಎತ್ತಿ, ಎಲೆಗೆ ಹತ್ತಿದ ಮಣ್ಣನ್ನು ಟೋಪಿಯಿಂದ ಕೊಡವಿ, ಅಮ್ಮನ ಕಲ್ಲಿನ ಮೇಲೆ ಅಡ್ಡಲಾಗಿ ಇಟ್ಟ. ಕಡಿದ ಮುಖ ಬೆಳ್ಳಗೆ, ನುಣ್ಣಗೆ, ಒಂದು ಸಿಬಿರೂ ಇಲ್ಲದೆ ಬಿಸಿಲಿಗೆ ತಿರುಗಿತ್ತು. ಕೆಳಗೆ ಕಾಡಿನಲ್ಲಿ ಒಂದು ಏಟಿನ ಸದ್ದು ಕೇಳಿಸಿತು, ಅದರ ಹಿಂದೆ ಇನ್ನೊಂದು, ಹಿಂದೆಯೇ ಹತ್ತಾರು. ಆ ಬಿಳಿಯ ಮೇಲೆ ರಸ ಸಣ್ಣ ಸಣ್ಣ ಹನಿಯಾಗಿ ಮೂಡತೊಡಗಿತು. ಎಲ್ಲಿಂದಲೋ ಒಂದು ಜೇನುನೊಣ ಬಂದು ಕೂತು, ಹಾರಿ, ಮತ್ತೆ ಬಂದು ಕೂತಿತು.